ಹಳ್ಳಿಗರ ಕೈಯಲ್ಲಿ ಕ್ಯಾಮೆರಾ

ಸುದ್ದಿಯನ್ನು ಪಟ್ಟಣದವರು ಬರೆಯುವುದು, ಹಳ್ಳಿಯವರು ಓದುವುದು ಎಂಬ ಕಾಲವೊಂದಿತ್ತು. ಮೊಬೈಲು ಅದನ್ನು ಬದಲಿಸಿದೆ. ಚುನಾವಣಾ ಆಯೋಗವು 2018ರಲ್ಲಿ ಹೊರತಂದ ‘ಸಿ-ವಿಜಿಲ್’ ಆ್ಯಪಿನ ಮೂಲಕ ಮತದಾರನು ನೀತಿಸಂಹಿತೆಯ ಉಲ್ಲಂಘನೆಯನ್ನು ಎರಡು ನಿಮಿಷದ ವಿಡಿಯೋದಲ್ಲಿ ಹಿಡಿದು ಕಳಿಸಬಹುದು. ಸ್ಥಳವು ತಾನಾಗಿ ದಾಖಲಾಗುತ್ತದೆ; ಹಳೆಯ ಚಿತ್ರ ನಡೆಯದು. ಸ್ಥಳಕಾಲಗಳಿಲ್ಲದ ಚಿತ್ರ ಸಾಕ್ಷಿಯಾಗದೆಂಬುದೇ ಇದರ ಪಾಠ.

2019ರ ಆಗಸ್ಟ್ ನೆರೆಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮನೆಗಳೂ ಕುಸಿದವು. ಪೂರ್ಣ ಬಿದ್ದ ಮನೆಗೆ ಸರಕಾರವು 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯ ಪ್ರಮಾಣದ ಮೇಲೆ ಪರಿಹಾರ ನಿಂತಿರುವಾಗ, ಬಿದ್ದ ಮಣ್ಣು ತೆಗೆಯುವ ಮೊದಲೇ ಮನೆಯವರ ಒಪ್ಪಿಗೆ ಪಡೆದು ಓಣಿ, ಗೋಡೆ, ಬಿರುಕುಗಳನ್ನು ಕ್ರಮವಾಗಿ ಹಿಡಿಯಬೇಕು. ಆರು ತಿಂಗಳ ಮೇಲೆ ಅದೇ ಜಾಗದಿಂದ ಮತ್ತೆ ಹಿಡಿದರೆ, ಘೋಷಣೆ ಗೋಡೆಯಾಯಿತೇ ಎಂಬುದು ತಿಳಿಯುತ್ತದೆ. ಮನೆತನದಲ್ಲಿ ಮೊದಲು ಕಾಲೇಜು ಕಂಡ ನಮ್ಮಂಥವರಿಗೆ ಇದು ತಕ್ಕ ಸೇವೆ.