ಬಸುರಿ ಬಾಣಂತಿಯರ ಮನೆಗೆ ಹೋಗುವ ಬಗೆ



ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಕಾಣಲು ಹೋದ ಹಬ್ಬವನ್ನು ನಾವು ಮೇ 31ರಂದು ಆಚರಿಸುತ್ತೇವೆ. ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಎಲಿಜಬೇತಮ್ಮನವರು ವಯಸ್ಸಾದ ಮೇಲೆ ಬಸುರಿಯಾದವರು. ಅವರಿಗೆ ಆರನೆಯ ತಿಂಗಳು. ಊರು ಬೆಟ್ಟದ ಸೀಮೆ. ಮನೆಯ ಯಜಮಾನರಿಗೆ ಮಾತು ನಿಂತಿತ್ತು. ಮರಿಯಮ್ಮನವರು ಬಾಗಿಲಲ್ಲೇ ಕ್ಷೇಮ ವಿಚಾರಿಸಿ ಹಿಂದಿರುಗಲಿಲ್ಲ, ಸುಮಾರು ಮೂರು ತಿಂಗಳು ಜೊತೆಗಿದ್ದರು.

ರಾಗಿ ಹೊಲಕ್ಕೂ ಟೊಮೆಟೊ ತೋಟಕ್ಕೂ ಒಂದೇ ಅಳತೆಯಲ್ಲಿ ನೀರು ಬಿಡುವ ರೈತನಿಲ್ಲ. ಮನೆ ಭೇಟಿಯೂ ಹಾಗೆಯೇ. ಎಲ್ಲ ಮನೆಗೂ ಹೋಗಬೇಕು, ಆದರೆ ಆಯಾ ಮನೆಯ ಅಗತ್ಯ ಅರಿತು ಹೋಗಬೇಕು.

ನಮ್ಮ ಸೀಮೆಗೆ ಈ ಪಾಠ ಏಕೆ?

ಹೆಣ್ಣು ಶಿಶುಗಳನ್ನು ಉಳಿಸಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲಿ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಸೇಲಂನಲ್ಲಿ 851, ಈಗಿನ ಧರ್ಮಪುರಿ ಜಿಲ್ಲೆಯ ಸೀಮೆಯಲ್ಲಿ 826 ಹೆಣ್ಣುಮಕ್ಕಳು ಮಾತ್ರ ಇದ್ದರು. 2011ರ ಹೊತ್ತಿಗೆ ಎರಡೂ ಕಡೆ ಈ ಸಂಖ್ಯೆ 900 ದಾಟಿತು. ಇದು ಸಮಾಧಾನದ ಸಂಗತಿ, ಆದರೆ ಕೆಲಸ ಮುಗಿದಿಲ್ಲ. ಅಂದು ನಾವು ಕಳೆದುಕೊಂಡ ಹೆಣ್ಣು ಕೂಸುಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ವಾರದಲ್ಲೇ, ಅದರಲ್ಲೂ ಆಗಲೇ ಹೆಣ್ಣುಮಕ್ಕಳಿದ್ದ ಮನೆಗಳಲ್ಲಿ ಹೋದವು. ಯಾವ ಮನೆಗೆ, ಯಾವ ದಿನ ಹೋಗಬೇಕೆಂಬುದನ್ನು ಇದರಿಂದಲೇ ತಿಳಿಯಬಹುದು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, 39 ಹಳ್ಳಿಗಳಲ್ಲಿ ಎಳೆಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಅಲ್ಲಿ ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಇಂಥ ಭೇಟಿಯನ್ನು ದೇಶಕ್ಕೆಲ್ಲ ತಂದಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ನೋಡಬೇಕು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಹೋಗಬೇಕು.

ಮನೆಗೆ ತಕ್ಕ ಭೇಟಿ

1. ಚೊಚ್ಚಲ ಬಸುರಿಯ ಮನೆ: ಮೂರು ತಿಂಗಳು ತುಂಬುವ ಮೊದಲೇ ನರ್ಸಮ್ಮನ ಬಳಿ ಹೆಸರು ಬರೆಸಿ, ಪಿಕ್ಮಿ ನಂಬರು ಪಡೆಯಿರಿ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವಿಗೂ ಅದು ಬೇಕು. ನಾಲ್ಕನೆಯ ತಿಂಗಳಿಂದ ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಬೇಕು, ಕಾಫಿ ಟೀ ಜೊತೆಗೆ ಬೇಡ. ಈ ಮಾತನ್ನು ಸೊಸೆಗೆ ಮಾತ್ರ ಹೇಳಿದರೆ ಸಾಲದು. ಅತ್ತೆಯವರನ್ನೂ ಗಂಡನನ್ನೂ ಕೂರಿಸಿಕೊಂಡು ಹೇಳಿ.

2. ಹೆಣ್ಣುಮಕ್ಕಳಿರುವ ಮನೆ: ಇಲ್ಲಿಗೆ ಹೆಚ್ಚು ಸಲ ಹೋಗಿ. ಎಲ್ಲ ಮನೆಗೂ ಹೋಗುವ ರೂಢಿ ಇದ್ದರೆ ಮಾತ್ರ ಇದು ಅನುಮಾನದ ಕಣ್ಣಾಗಿ ಕಾಣುವುದಿಲ್ಲ. "ಈ ಸಲವಾದರೂ ಗಂಡಾಗಲಿ" ಎಂದು ಬಾಯಿತಪ್ಪಿಯೂ ಹರಸಬೇಡಿ. ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜಾಣುವಿನಿಂದ ಆಗುವುದು, ತಾಯಿಯನ್ನು ದೂರುವುದು ನ್ಯಾಯವಲ್ಲ. ಸ್ಕ್ಯಾನ್ ಮಾಡಿ ಲಿಂಗ ತಿಳಿಸುವುದು 1994ರ ಕಾನೂನಿನಂತೆ ಅಪರಾಧ. ಕೂಸು ಹುಟ್ಟಿದ ವಾರದಲ್ಲಿ ಆ ತಾಯಿ ಒಂಟಿಯಾಗದಂತೆ ನೋಡಿಕೊಳ್ಳಿ. ಮಗುವಿಗೆ ಅಪಾಯವೆನಿಸಿದರೆ 1098ಕ್ಕೆ ಫೋನ್ ಮಾಡಿ.

3. ಕೂಲಿಗೆ ಹೋಗುವ ಮನೆ: ಕೊಯ್ಲಿನ ಕಾಲದಲ್ಲಿ ಹಗಲು ಹೋದರೆ ಬೀಗವೇ ಕಾಣುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅಥವಾ ಭಾನುವಾರ ಪೂಜೆಯ ನಂತರ ಹೋಗಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರೂ ಹೆರಿಗೆಗೆ ತವರಿಗೆ ಹೋಗುವವರೂ ತಾಯಿ ಕಾರ್ಡನ್ನು ಜೊತೆಗೇ ಒಯ್ಯಲಿ. ಹೋದ ಊರಿನ ನರ್ಸಮ್ಮನಿಗೆ ಆ ವಾರವೇ ತೋರಿಸಲಿ. ಇಲ್ಲವಾದರೆ ಎರಡೂ ಊರಿನವರು ಅವಳು ಇನ್ನೊಂದು ಊರಿನಲ್ಲಿದ್ದಾಳೆಂದು ಸುಮ್ಮನಿರುತ್ತಾರೆ.

4. ಬೆಟ್ಟದ ಮೇಲಿನ ಮನೆ: ಅಂಚೆಟ್ಟಿ, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಹಲವು ಮನೆಗಳಲ್ಲಿ ಮಾತು ಕನ್ನಡ, ಕಾರ್ಡಿನಲ್ಲಿರುವುದು ತಮಿಳು. ಅದನ್ನು ಓದಿ ಕನ್ನಡದಲ್ಲಿ ತಿಳಿಸುವುದೂ ಒಂದು ಸೇವೆ. ಎಂಟನೆಯ ತಿಂಗಳಲ್ಲೇ ಗಾಡಿ ಯಾರದು, ರಾತ್ರಿಯಾದರೆ ಹೇಗೆ ಎಂದು ಗೊತ್ತುಮಾಡಿ. ಸಾಧ್ಯವಾದರೆ ಹೆರಿಗೆಗೆ ಕೆಲವು ದಿನ ಮುಂಚೆಯೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬರಲಿ.

ಕೂಡಲೇ 108ಕ್ಕೆ ಫೋನ್ ಮಾಡಬೇಕಾದಾಗ

ಬಸುರಿಗೆ: ರಕ್ತ ಹೋಗುವುದು, ಮುಖ ಊದಿ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾಗುವುದು.

ಬಾಣಂತಿಗೆ: ಹೆಚ್ಚು ರಕ್ತಸ್ರಾವ, ಜ್ವರ, ವಾಸನೆಯ ಸ್ರಾವ.

ಕೂಸಿಗೆ: ಮೊಲೆ ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಅಂಗೈ ಅಂಗಾಲು ಹಳದಿಯಾಗುವುದು, ಹೊಕ್ಕುಳಲ್ಲಿ ಕೀವು.

ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಕುಡಿಸಬೇಕು. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಸಕ್ಕರೆ ನೀರು, ಕತ್ತೆ ಹಾಲು ಬೇಡ.

ಹೋಗುವವರಿಗೆ ಒಂದು ಮಾತು

ಮೊದಲು ಕೇಳಿ, ಆಮೇಲೆ ಹೇಳಿ. ಒಂದು ದಿನಕ್ಕೆ ಒಂದೆರಡು ವಿಷಯ ಸಾಕು. ಬಿಂದಿಗೆ ನೀರು ತಂದುಕೊಟ್ಟರೆ, ದೊಡ್ಡ ಮಗುವನ್ನು ಒಂದು ಗಳಿಗೆ ಎತ್ತಿಕೊಂಡರೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಆ ಮನೆಯ ಗುಟ್ಟು ಆ ಮನೆಯಲ್ಲೇ ಉಳಿಯಲಿ. ನರ್ಸಮ್ಮನ ಕೆಲಸವನ್ನು ನಾವು ಮಾಡಲಾಗದು. ಆದರೆ ಅವರು ಬಾರದ ದಿನಗಳಲ್ಲಿ ಪಕ್ಕದ ಮನೆಯವರಾಗಿ ನಾವಿರಬಹುದು.

ಮಹಿಳಾ ಸಂಘದಲ್ಲಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ ಈಗ ಬಸುರಿಯರು, ಆರು ತಿಂಗಳೊಳಗಿನ ಕೂಸುಗಳು ಎಷ್ಟು?
2. ಅವರಲ್ಲಿ ಯಾರ ಮನೆಗೆ ಯಾರೂ ಹೋಗುತ್ತಿಲ್ಲ? ಏಕೆ?
3. ಹೆಣ್ಣು ಮಗು ಹುಟ್ಟಿದಾಗ ನಮ್ಮ ಧರ್ಮಕೇಂದ್ರದಲ್ಲಿ ಗಂಡು ಹುಟ್ಟಿದಷ್ಟೇ ಸಂತೋಷಪಡುತ್ತೇವೆಯೇ?