ಶಿಲ್ಕು ಮುಂಗಾಣುವ ಲೆಕ್ಕ

ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಹೆಸರಿದ್ದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ರೊಕ್ಕ ಇರುವುದಿಲ್ಲ. ಚಳಿಗಾಲದ ಮಾರಾಟಕ್ಕಾಗಿ ನೂಲನ್ನು ಮಳೆಗಾಲದಲ್ಲೇ ಕೊಳ್ಳಬೇಕು. ಕೂಲಿಯನ್ನು ವಾರವಾರ ಕೊಡಬೇಕು. ವ್ಯಾಪಾರಿ ಮಾತ್ರ ಎರಡು ತಿಂಗಳು ತಡೆದು ಹಣ ಕೊಡುತ್ತಾನೆ. ಲಾಭದಲ್ಲಿರುವ ಕಾರಖಾನೆಯೂ ಈ ಅಂತರದಲ್ಲಿ ಮಗ್ಗ ನಿಲ್ಲಿಸಬೇಕಾಗಬಹುದು. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಎಂಬುದೇ ಈ ಪಾಠದ ತಿರುಳು.

ನಾಲ್ಕು ವಿದ್ಯುತ್ ಮಗ್ಗಗಳ ಒಂದು ಕಾರಖಾನೆಯನ್ನು ಕಲ್ಪಿಸಿಕೊಳ್ಳಲಿ. ಜುಲೈ ಆರಂಭದ ಶಿಲ್ಕು 60,000 ರೂಪಾಯಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳ ಮಾರಾಟ ಕ್ರಮವಾಗಿ 1,00,000, 1,50,000 ಮತ್ತು 2,50,000. ಖರ್ಚು 1,50,000, 1,60,000 ಮತ್ತು 1,80,000. ಮಾರಾಟದಲ್ಲಿ ಶೇ. 40 ನಗದು; ಉಳಿದದ್ದು ಉದ್ರಿ, ಎರಡು ತಿಂಗಳ ನಂತರ ವಸೂಲು. ಮೇ ಮತ್ತು ಜೂನ್ ತಿಂಗಳ ಹಳೆಯ ಉದ್ರಿಯಿಂದ ಜುಲೈಯಲ್ಲಿ 90,000, ಆಗಸ್ಟಿನಲ್ಲಿ 60,000 ಬರಲಿದೆ.

ಸ್ಪ್ರೆಡ್‌ಶೀಟಿನ ಬಿ1 ಮನೆಯಲ್ಲಿ ನಗದಿನ ಪಾಲು 40% ಎಂದು ಬರೆಯಬೇಕು. ಬಿ, ಸಿ, ಡಿ ಕಂಬಗಳು ಮೂರು ತಿಂಗಳುಗಳಿಗೆ. ಮೂರನೆಯ ಸಾಲಿನಲ್ಲಿ ಮಾರಾಟ, ನಾಲ್ಕರಲ್ಲಿ ಆರಂಭ ಶಿಲ್ಕು, ಐದರಲ್ಲಿ ನಗದು ಜಮಾ, ಆರರಲ್ಲಿ ಉದ್ರಿ ವಸೂಲಿ, ಏಳರಲ್ಲಿ ಖರ್ಚು, ಎಂಟರಲ್ಲಿ ಅಂತ್ಯ ಶಿಲ್ಕು. (ಪಾಠದಲ್ಲಿ ಕನ್ನಡ ಅಕ್ಷರವಿದ್ದರೂ ಗಣಕದಲ್ಲಿ ಮನೆಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.) ಬಿ5ರ ಸೂತ್ರ =ಬಿ3*$ಬಿ$1; ಬಿ8ರದು =ಬಿ4+ಬಿ5+ಬಿ6-ಬಿ7. ಇವನ್ನು ಬಲಕ್ಕೆ ಎಳೆದರೆ ಸಾಕು. ಸಿ4ರಲ್ಲಿ =ಬಿ8, ಡಿ4ರಲ್ಲಿ =ಸಿ8; ಅಂದರೆ ಹಿಂದಿನ ತಿಂಗಳ ಅಂತ್ಯವೇ ಮುಂದಿನ ತಿಂಗಳ ಆರಂಭ. ಹಳೆಯ ಉದ್ರಿಯನ್ನು ಅಂಕಿಯಾಗಿಯೇ ಬರೆದು, ಡಿ6ರಲ್ಲಿ =ಬಿ3*(1-$ಬಿ$1) ಎನ್ನಬೇಕು. ಡಾಲರ್ ಚಿಹ್ನೆ ಬಿಟ್ಟರೆ ಎಳೆಯುವಾಗ ಬಿ1 ಜಾರಿ ಸಿ1 ಆಗುತ್ತದೆ. ಆ ಮನೆ ಖಾಲಿಯಿರುವುದರಿಂದ ನಗದು ಜಮಾ ಸೊನ್ನೆಯಾಗುತ್ತದೆ. ಮಕ್ಕಳು ಈ ತಪ್ಪನ್ನು ಒಮ್ಮೆ ಮಾಡಿ ನೋಡುವುದೇ ಒಳ್ಳೆಯದು.

ಅಂತ್ಯ ಶಿಲ್ಕು ಜುಲೈಯಲ್ಲಿ 40,000, ಆಗಸ್ಟಿನಲ್ಲಿ ಸೊನ್ನೆ, ಸೆಪ್ಟೆಂಬರಿನಲ್ಲಿ -20,000. ಮಾರಾಟ ಅತಿ ಹೆಚ್ಚಾದ, ಖರ್ಚು ಕಳೆದು 70,000 ಮಿಗುವ ತಿಂಗಳಲ್ಲೇ ಕೂಲಿಗೆ ಹಣವಿಲ್ಲ! ಶಿಕ್ಷಕರು ಇಲ್ಲಿ ಅವಸರಪಡಬಾರದು. ಕಾರಣವನ್ನು ಮಕ್ಕಳೇ ಹುಡುಕಬೇಕು: ಸೆಪ್ಟೆಂಬರಿನ ಉದ್ರಿ ಕೈಗೆ ಬರುವುದು ನವೆಂಬರಿನಲ್ಲಿ.

ಅನಂತರ ಬಿ1ರಲ್ಲಿ 50% ಎಂದು ತಿದ್ದಿದರೆ ಇಡೀ ಹಾಳೆ ತಾನೇ ಬದಲಾಗಿ, ಸೆಪ್ಟೆಂಬರಿನ ಶಿಲ್ಕು 20,000 ಉಳಿಯುತ್ತದೆ. ಕಿರ್ದಿ ಪುಸ್ತಕ ನಡೆದುಹೋದದ್ದನ್ನು ಮಾತ್ರ ಹೇಳುತ್ತದೆ; ಈ ಹಾಳೆ ಜುಲೈಯಲ್ಲೇ ಎಚ್ಚರಿಸುತ್ತದೆ. ಆಗ ನೂಲಿನ ಖರೀದಿಯನ್ನು ಹಂತಹಂತವಾಗಿ ಮಾಡಬಹುದು, ಬ್ಯಾಂಕನ್ನು ಮೊದಲೇ ಕೇಳಬಹುದು. ನೋಂದಾಯಿತ ಸಣ್ಣ ಉತ್ಪಾದಕರಿಗೆ ಖರೀದಿದಾರರು 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ವ್ಯಾಪಾರಿಯೊಡನೆ ಮಾತಾಡುವಾಗ ಇದು ತಿಳಿದಿರಬೇಕು.

ಅಭ್ಯಾಸಕ್ಕೆ ಮಕ್ಕಳು ಮನೆಯ ಕಿರಾಣಿ ಅಂಗಡಿಯನ್ನೋ ಹಾಲಿನ ವ್ಯಾಪಾರವನ್ನೋ ಆರಿಸಿಕೊಳ್ಳಬಹುದು. ಆದರೆ ಮನೆಯ ಸಾಲದ ಅಂಕಿಗಳು ತರಗತಿಯ ಮುಂದೆ ಬರಕೂಡದು; ಮೊತ್ತಗಳನ್ನು ಬದಲಾಯಿಸಿ ಬರೆಯಲು ಶಿಕ್ಷಕರು ಮೊದಲೇ ತಿಳಿಸಬೇಕು.