ಗಾಡಿ ಮಾತು ಕೇಳದಿದ್ದಾಗ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮದೊಂದು ಸಣ್ಣ ಶೆಡ್. ಮಾಮೂಲಿ ಗಾಡಿಗಳ ಜೊತೆಗೆ ಟರ್ಬೊ ಹ್ಯಾಚ್‌ಬ್ಯಾಕ್‌ಗಳು, ಹಳೆಯ ಸ್ಪೋರ್ಟಿ ಸೆಡಾನ್‌ಗಳೂ ಬರುತ್ತವೆ. ಶಕ್ತಿಯ ಗಾಡಿಯಲ್ಲಿ ಸ್ಟೇರಿಂಗ್ ಚೂರು ಹದ ತಪ್ಪಿದರೂ ಓಡಿಸುವವನಿಗೆ ಕೂಡಲೇ ಗೊತ್ತಾಗುತ್ತದೆ. ಆ ದೂರು ಹಿಡಿದು ಬಂದವರಿಂದ ನಾನು ಕಲಿತದ್ದು ಇಷ್ಟು.

1. ಸ್ಪ್ಯಾನರ್ ಹಿಡಿಯುವ ಮೊದಲು ಮಾತು ಕೇಳಿ.

‘ಅಣ್ಣಾ, ಸ್ಟೇರಿಂಗ್ ಲೂಸ್’ ಅನ್ನುವ ಹತ್ತು ಜನರದ್ದು ಹತ್ತು ಬಗೆಯ ತೊಂದರೆ. ಒಬ್ಬರಿಗೆ ನಡುವಿನಲ್ಲಿ ಆಟ. ಇನ್ನೊಬ್ಬರ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಮತ್ತೊಬ್ಬರದು ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ‘ಬ್ರೇಕ್ ಹಾಕಿದಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ, ಹೊಂಡ ಹಾರಿದಾಗಲೋ?’ ಎಂದು ಕೇಳಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ನಂತರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಭದ್ರಾವತಿ ರಸ್ತೆಗೆ ಹೋಗುತ್ತೇನೆ. ರಸ್ತೆಗಳು ಮಳೆನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ, ಹಾಗಾಗಿ ಗಾಡಿ ನಿಧಾನವಾಗಿ ಎಡಕ್ಕೆ ಜಾರಿದರೆ ಅದನ್ನು ರೋಗ ಅನ್ನಬೇಡಿ.

2. ಟೈರಿನಿಂದಲೇ ಶುರು ಮಾಡಿ.

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಗಾಳಿ ನೋಡಿ. ಬಾಗಿಲ ಪಕ್ಕದ ಅಥವಾ ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿರುವ ಅಂಕಿಯೇ ಲೆಕ್ಕ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೆರೆಗಳು ಆಳವಾಗಿಯೇ ಇದ್ದರೂ ಹಳೆಯ ರಬ್ಬರ್ ಕಲ್ಲಿನಂತಾಗಿರುತ್ತದೆ. ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ಓಡಿಸಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ಕಳ್ಳ ಸಿಕ್ಕಿದ ಹಾಗೆ. ಒಂದೇ ದಿಕ್ಕಿಗೆ ಉರುಳಬೇಕಾದ ಟೈರಾದರೆ ಹೀಗೆ ಮಾಡಬೇಡಿ.

3. ಚಕ್ರ ಅಲ್ಲಾಡಿಸುವುದಕ್ಕೂ ಕ್ರಮವಿದೆ.

ಗಾಡಿ ಎತ್ತಿ ಚಕ್ರವನ್ನು ಗಡಿಯಾರದ ಒಂಬತ್ತು–ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಟೈ ರಾಡ್ ಕಡೆ ನೋಡಿ. ಹನ್ನೆರಡು–ಆರರ ಜಾಗದಲ್ಲಿ ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಆಗ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಜಾಯಿಂಟ್. ಆಮೇಲೆ ಗಾಡಿ ಇಳಿಸಿ, ಭಾರ ಚಕ್ರದ ಮೇಲಿರುವಾಗಲೇ ಒಬ್ಬ ಸ್ಟೇರಿಂಗನ್ನು ಎಡಬಲಕ್ಕೆ ಸಣ್ಣಗೆ ಆಡಿಸಲಿ, ಇನ್ನೊಬ್ಬ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಲಿ. ಕಣ್ಣಿಗೆ ಕಾಣದ ಟಕ್ ಬೆರಳಿಗೆ ತಿಳಿಯುತ್ತದೆ.

4. ನಿಂತ ಗಾಡಿಯ ಅಲೈನ್‌ಮೆಂಟ್ ಅರ್ಧ ಸತ್ಯ.

ಭದ್ರಾವತಿಯ ಹುಡುಗನೊಬ್ಬ ತನ್ನ ಟರ್ಬೊ ಹ್ಯಾಚ್‌ಬ್ಯಾಕ್ ತಂದಿದ್ದ. ಗಿಡ್ಡ ಸ್ಪ್ರಿಂಗ್, ಅಗಲ ಟೈರ್ ಹಾಕಿಸಿದ್ದ. ಬೇರೆ ಕಡೆ ಮೂರು ಸಲ ಅಲೈನ್‌ಮೆಂಟ್ ಮಾಡಿಸಿದ್ದ, ಮೂರು ಚೀಟಿಯಲ್ಲೂ ಎಲ್ಲ ಅಂಕಿ ಹಸಿರು. ‘ಅಣ್ಣಾ, ಇಷ್ಟೆಲ್ಲ ಖರ್ಚು ಮಾಡಿದ್ರೂ ಗಾಡಿ ನನ್ನ ಮಾತು ಕೇಳ್ತಿಲ್ಲ’ ಅಂದ. ಓಡಿಸಿದೆ. ಆಕ್ಸಿಲರೇಟರ್ ಒತ್ತಿದರೆ ಮೂತಿ ಒಂದು ಕಡೆಗೆ, ಕಾಲೆತ್ತಿದರೆ ಇನ್ನೊಂದು ಕಡೆಗೆ. ಆ ಒಂದು ಲಕ್ಷಣ ಸಾಕಿತ್ತು.

ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮಿನ ಹಿಂದಿನ ರಬ್ಬರ್ ಬುಷ್‌ಗೆ ಬ್ಯಾಟರಿ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಉದ್ದನೆಯ ಲಿವರ್ ಹಾಕಿ ಮೀಟಿದಾಗ ರಬ್ಬರ್ ಬಾಯಿ ಬಿಟ್ಟಿತು. ಅರ್ಧ ಸುತ್ತು ಹರಿದಿತ್ತು, ಬಿರುಕಿನೊಳಗೆ ನಮ್ಮ ಮಲೆನಾಡಿನ ಕೆಂಪು ಮಣ್ಣು ತುಂಬಿತ್ತು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳುತ್ತದೆ, ಎಂಜಿನ್ ಎಳೆದಾಗ ಮುಂದಕ್ಕೆ. ಬುಷ್ ಹಿಡಿತ ಬಿಟ್ಟರೆ ಆರ್ಮ್ ಓಲಾಡಿ ಟೋ, ಅಂದರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವ ಅಳತೆ, ಬದಲಾಗುತ್ತದೆ. ಅಲೈನ್‌ಮೆಂಟ್ ಮೆಷಿನ್ ಮೇಲೆ ಗಾಡಿ ಸುಮ್ಮನೆ ನಿಂತಿರುತ್ತದೆ, ಅಲ್ಲಿ ಇದು ಕಾಣುವುದೇ ಇಲ್ಲ.

ಆ ಬುಷ್ ಹೊಸದೇ, ವರ್ಷವೂ ಆಗಿರಲಿಲ್ಲ. ಹಾಕಿದವರು ಗಾಡಿ ಲಿಫ್ಟಿನ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿಬಿಟ್ಟಿದ್ದರು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಪ್ರತಿ ಹೊಂಡಕ್ಕೂ ಇನ್ನಷ್ಟು ತಿರುಚಿ ಹರಿಯುತ್ತದೆ.

5. ಗಿಡ್ಡ ಸ್ಪ್ರಿಂಗ್ ಹಾಕುವ ಮುಂಚೆ ಯೋಚಿಸಿ.

ಗಾಡಿಯ ಎತ್ತರ ಇಳಿಸಿದರೆ ಟೈ ರಾಡ್ ಮತ್ತು ಲೋವರ್ ಆರ್ಮ್‌ಗಳ ಓರೆ ಬದಲಾಗುತ್ತದೆ. ಚಕ್ರ ಮೇಲೆ ಕೆಳಗೆ ಹೋದ ಹಾಗೆಲ್ಲ ಟೋ ಹೆಚ್ಚುಕಡಿಮೆಯಾಗಿ, ಹೊಂಡದಲ್ಲಿ ಗಾಡಿ ತಾನೇ ತಿರುಗಿಕೊಳ್ಳುತ್ತದೆ. ಮಂಡಗದ್ದೆ ಕಡೆಯ ತುಂಗೆಯ ದಡದ ತಿರುವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ರಬ್ಬರಿನ ಬದಲು ಹಾಕುವ ಪಾಲಿಯುರೆಥೇನ್ ಬುಷ್ ಚುರುಕು ಕೊಡುತ್ತದೆ ನಿಜ, ಆದರೆ ದಿನಾ ಓಡಿಸುವ ಗಾಡಿಗೆ ನಾನು ಕಂಪನಿ ರಬ್ಬರನ್ನೇ ಹಾಕುತ್ತೇನೆ.

6. ಅಳೆಯದೆ ಮುಟ್ಟಬೇಡಿ.

ನಮ್ಮಪ್ಪ ಭದ್ರಾವತಿಯಲ್ಲಿ, 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿದ್ದರು. ಡಯಲ್ ಗೇಜ್ ಇಟ್ಟು ನೋಡದೆ ಯಾವ ಮಾತೂ ಆಡುತ್ತಿರಲಿಲ್ಲ. ಸ್ಟೇರಿಂಗ್ ರ‍್ಯಾಕಿನ ಆಟ ಹೊಂದಿಸುವ ನಟ್ಟನ್ನು ಅಂದಾಜಿನ ಮೇಲೆ ತಿರುಗಿಸುವವರನ್ನು ಕಂಡಾಗ ಅಪ್ಪ ನೆನಪಾಗುತ್ತಾರೆ. ನಟ್ ಹೆಚ್ಚು ಬಿಗಿದರೆ ಆಟ ಹೋದ ಹಾಗೆ ಕಾಣುತ್ತದೆ, ಆದರೆ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನಿಂದ ವಾಪಸ್ ಬರುವುದಿಲ್ಲ. ಇದು ಜೀವಕ್ಕೆ ಅಪಾಯ. ಉಳಿದ ಭಾಗಗಳೆಲ್ಲ ಸರಿಯಿದ್ದ ಮೇಲೆಯೇ ರ‍್ಯಾಕ್.

7. ಅಲೈನ್‌ಮೆಂಟ್ ಎಲ್ಲಕ್ಕಿಂತ ಕಡೆಗೆ.

ನಾಲ್ಕೂ ಚಕ್ರದ್ದು ಮಾಡಿಸಿ, ಹಿಂದಿನ ಚಕ್ರ ಸೊಟ್ಟಗಿದ್ದರೂ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ. ಎಲೆಕ್ಟ್ರಿಕ್ ಸ್ಟೇರಿಂಗ್ ಇದ್ದರೆ ಸ್ಕ್ಯಾನರ್ ಹಾಕಿ ಸೆನ್ಸರ್‌ಗೆ ನಡುಬಿಂದು ಕಲಿಸಬೇಕಾಗಬಹುದು, ಕೇಳಿ ನೋಡಿ.

ಭದ್ರಾವತಿಯ ಆ ಹುಡುಗನ ಗಾಡಿಗೆ ಎರಡೂ ಕಡೆ ಹೊಸ ಬುಷ್ ಹಾಕಿದೆವು, ಹಳೆಯ ಸ್ಪ್ರಿಂಗ್ ವಾಪಸ್ ಕೂರಿಸಿದೆವು. ನಾಲ್ಕನೇ ಅಲೈನ್‌ಮೆಂಟೇ ಅವನಿಗೆ ಕೊನೆಯದಾಯಿತು. ನಿಮ್ಮ ಗಾಡಿಗೆ ಬುಷ್ ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಆ ಬೋಲ್ಟ್ ಬಿಗಿ ಮಾಡಲು ದಯವಿಟ್ಟು ಹೇಳಿ.